ಸಮುದ್ರದ ಹೆಜ್ಜೆ ಒಪ್ಪಿಸಲು ಹೋದ ಓಬಯ್ಯ

ಸೂರ್ಯ ಇನ್ನೂ ನೆಲಕ್ಕೆ ಒರಗಿಕೊಂಡೇ ಇದ್ದಾನೆ. ಓಬಯ್ಯನಿಗೆ ಬೇಕಾದದ್ದು ಈ ಬೆಳಕೇ. ಓರೆಯಾಗಿ ಬೀಳುವ ಬಿಸಿಲಿಗೆ ಪ್ರತಿ ಹೆಜ್ಜೆಯ ಅಂಚೂ ನೆರಳು ಚೆಲ್ಲುತ್ತದೆ. ಬಿಸಿಲು ಒಂದಿಷ್ಟು ಏರಿದರೆ ಸಾಕು, ನೆಲ ಬಾಯಿ ಮುಚ್ಚಿಕೊಳ್ಳುತ್ತದೆ. ಹೊಳಲ್ಕೆರೆ ತಾಲ್ಲೂಕಿನ ಅಂಚಿನ ಈ ಹಟ್ಟಿಯ ರೊಪ್ಪದಿಂದ ಮೂರು ಕುರಿ ಕಳುವಾಗಿವೆ. ಮುಂದೆ ಊರಿನ ತಳವಾರ ಓಬಯ್ಯ, ಹತ್ತು ಮಾರು ಹಿಂದೆ ಕುರಿಗಳ ಒಡೆಯ ಗೊಲ್ಲಪ್ಪ.

“ಲೇ ಗೊಲ್ಲಪ್ಪ, ಕಳ್ಳನ ಹೆಜ್ಜೆ ಮ್ಯಾಲೆ ನಿನ್ನ ಹೆಜ್ಜೆ ಇಟ್ಟೀಯ, ನಿನ್ನೇ ಹಿಡ್ಕೊಂಡು ಹೋಗ್ತೀನಿ ನೋಡು.”

“ನನ್ನ ಹಿಡ್ದು ಏನು ಮಾಡ್ತೀಯ ಮಾವ, ಮೈಮ್ಯಾಲೆ ಉಣ್ಣೆನೂ ಇಲ್ಲ.”

ಓಬಯ್ಯ ನಗುವುದಿಲ್ಲ. ಹೊಂಗೆಯ ಕಡ್ಡಿಯೊಂದನ್ನು ಕಳ್ಳನ ಪಾದದ ಉದ್ದಕ್ಕೆ ಮುರಿದು, ಅಗಲಕ್ಕೆ ಉಗುರಿನಿಂದ ಗೀರು ಹಾಕುತ್ತಾನೆ. ಎರಡು ಮೈಲಿ ನಡೆದ ಮೇಲೆ ಊರಿನ ಗಡಿಯ ಬಾಂದುಕಲ್ಲು. ಅಲ್ಲಿ ನಿಂತುಬಿಡುತ್ತಾನೆ. ಹೆಜ್ಜೆ ಮುಂದೆ ಹೋಗಿದೆ, ಅವನು ಹೋಗುವುದಿಲ್ಲ. ಕೈಯನ್ನು ಬಾಯಿಗೆ ಕೊಟ್ಟು ಕೂಗುತ್ತಾನೆ. ಆಚೆ ಊರಿನ ತಳವಾರ ಮುರುಗಪ್ಪ ಬೇವಿನ ಕಡ್ಡಿ ಜಗಿಯುತ್ತಾ ಬರುತ್ತಾನೆ. ಓಬಯ್ಯ ಅಳತೆ ಕಡ್ಡಿಯನ್ನು ಅವನ ಕೈಗಿಡುತ್ತಾನೆ.

“ಒಪ್ಪಿಸ್ದೆ.”

“ಒಪ್ಪಿಸ್ಕೊಂಡೆ.”

ಇಷ್ಟೇ ಮಾತು. ಕಡ್ಡಿ ಹಿಡಿದವನು ಆ ಹೆಜ್ಜೆಯನ್ನು ತನ್ನ ಗಡಿ ದಾಟಿಸಿ ಮುಂದಿನವನಿಗೆ ಕೊಡಬೇಕು. ಇಲ್ಲವೇ ಅವನ ಊರೇ ಕುರಿ ತುಂಬಿಕೊಡಬೇಕು. ಪೊಲೀಸರ ಹದ್ದು ಬೇರೆ, ಈ ಹದ್ದು ಬೇರೆ. ತಳವಾರಿಕೆ ಕಾನೂನಿನಲ್ಲಿ ಹೋಗಿ ವರ್ಷಗಳಾದವು. ಕುರಿ ಕಳುವಾದರೆ ಜನ ಇಂದಿಗೂ ಮೊದಲು ಬರುವುದು ಓಬಯ್ಯನ ಬಾಗಿಲಿಗೆ. ವಯಸ್ಸು ಐವತ್ತೆಂಟು, ಹೆಜ್ಜೆ ಹಿಡಿಯಲು ಶುರುಮಾಡಿ ಮೂವತ್ತೊಂದು ವರ್ಷ. ಹೋದ ವರ್ಷ ಹಿಡಿದ ಹೆಜ್ಜೆಗಳು ನಲವತ್ತೊಂದು, ಕುರಿ ಸಿಕ್ಕಿದ್ದು ಇಪ್ಪತ್ತಾರರಲ್ಲಿ. ಉಳಿದವು ಗಡಿ ದಾಟಿ ಹೋದವು. “ನನ್ನ ಹದ್ದಿನಾಗೆ ನಿಂತಿದ್ದು ಒಂದೂ ಇಲ್ಲ” ಎನ್ನುತ್ತಾನೆ.

ಇಂಥ ಓಬಯ್ಯ ಈಗ ಹತ್ತು ತಿಂಗಳಿಂದ ಒಂದು ಹೆಜ್ಜೆಯ ಮುಂದೆ ದಿಕ್ಕು ತಿಳಿಯದೆ ನಿಂತಿದ್ದಾನೆ. ಅದು ನೀರಿನ ಮೇಲಿನ ಹೆಜ್ಜೆ.

ಮಗ ಸಣ್ಣತಿಮ್ಮಪ್ಪ ಚಿಕ್ಕಜಾಜೂರಿನಲ್ಲಿ ರೈಲ್ವೆ ಕೂಲಿ ಮಾಡಿಕೊಂಡಿದ್ದವನು, ಗೋವಾ ಬಂದರಿಗೆ ಹೋಗಿ ಸರಕಿನ ಹಡಗಿನಲ್ಲಿ ಖಲಾಸಿಯಾದ. ಹಡಗಿನ ಮಾಲೀಕ ಒಂದು ದೇಶದವನು, ಬಾವುಟ ಇನ್ನೊಂದರದು, ದುಡಿಯುವವರು ನಮ್ಮವರು. ಆಫ್ರಿಕದ ಬಂದರೊಂದರ ಹೊರಗೆ ಸರದಿಗಾಗಿ ನಲವತ್ತು ದಿನ ಲಂಗರು ಹಾಕಿ ನಿಂತಿದ್ದಾಗ, ಮಂಜು ಕವಿದ ಒಂದು ಬೆಳಗ್ಗೆ ಹನ್ನೆರಡು ಜನ ದೋಣಿಯಲ್ಲಿ ಬಂದು ಮಚ್ಚು ಹಿಡಿದು ಹತ್ತಿದರು. ಬಟ್ಟೆಯ ಬೇಲುಗಳನ್ನು ಇಳಿಸಿಕೊಂಡರು. ಅಡ್ಡ ಬಂದ ಅಡುಗೆಯವನು ಸತ್ತ. ಸಣ್ಣತಿಮ್ಮಪ್ಪನ ಎಡಗೈಯ ಎರಡು ಬೆರಳು ಹೋದವು. ಕಪ್ತಾನ ರೇಡಿಯೋದಲ್ಲಿ ಕೂಗಿದ. ಬಂದರಿನವರು ನಮ್ಮ ಹದ್ದಲ್ಲ ಎಂದರು. ಬಾವುಟದ ದೇಶಕ್ಕೆ ತಂತಿ ಕೊಟ್ಟರು, ಉತ್ತರವಿಲ್ಲ. ಮಾಲೀಕ ಸರಕಿನ ವಿಮೆ ಹಣ ಕೇಳಿ ಪಡೆದುಕೊಂಡ.

ಆದರೆ ಸಣ್ಣತಿಮ್ಮಪ್ಪ ತಳವಾರನ ಮಗ. ಚೆಲ್ಲಿದ ಅಡುಗೆ ಎಣ್ಣೆಯಲ್ಲಿ ಬರಿಗಾಲಿನ ಗುರುತೊಂದು ಉಳಿದಿತ್ತು. ಕೈಗೆ ಬಟ್ಟೆ ಸುತ್ತಿಕೊಂಡೇ ದಾರದಿಂದ ಅದನ್ನು ಅಳೆದು ಗಂಟು ಹಾಕಿಕೊಂಡು ಊರಿಗೆ ತಂದ.

ಓಬಯ್ಯ ಆ ದಾರದ ಅಳತೆಗೆ ಕಡ್ಡಿ ಮುರಿದ. ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋದ. ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನ ಕೈಗೆ ಕಡ್ಡಿ ಕೊಟ್ಟು “ಒಪ್ಪಿಸ್ದೆ” ಅಂದ.

“ಏನಪ್ಪ ಇದು, ಹಲ್ಲುಜ್ಜೋ ಕಡ್ಡಿನಾ?” ಗುಮಾಸ್ತ ನಕ್ಕ. ನಕ್ಕರೂ ಕಡ್ಡಿಯನ್ನು ತಿರುಗಿಸಿ ನೋಡಿದ, ಕಡತದ ಮೇಲೆ ಇಟ್ಟುಕೊಂಡ, ಅರ್ಜಿ ಬರೆಸಿಕೊಂಡ. ಇಸ್ಕೊಂಡ್ರು ಎಂದು ಓಬಯ್ಯ ಹಗುರಾಗಿ ಮನೆಗೆ ಬಂದ. ಇನ್ನು ಸರ್ಕಾರ ಸರ್ಕಾರವನ್ನು ಕೂಗುತ್ತದೆ, ಹೆಜ್ಜೆ ಒಂದೊಂದೇ ಗಡಿ ದಾಟುತ್ತದೆ ಎಂದುಕೊಂಡ.

ಬಂದದ್ದು ಒಂದೇ ಸಾಲಿನ ಪತ್ರ: ವಿಷಯ ನಮ್ಮ ವ್ಯಾಪ್ತಿಗೆ ಬಾರದು, ಸಂಬಂಧಪಟ್ಟವರಿಗೆ ರವಾನಿಸಲಾಗಿದೆ.

ಪತ್ರ ಓದಿಸಿಕೊಂಡ ದಿನದಿಂದ ಅವನ ತಲೆ ಕೆಟ್ಟಿದೆ. “ರವಾನ್ಸೀವಿ ಅಂದ್ರೆ ಒಪ್ಪಿಸೀವಿ ಅಂತ್ಲೇ ಅಲ್ವರಾ? ಮತ್ತೆ ಯಾರಿಗೆ? ಒಪ್ಪಿಸ್ಕೊಂಡೋನ ಹೆಸ್ರೇ ಇಲ್ಲ. ಹೆಜ್ಜೆ ನಡೀತಾ ಐತೋ, ನಿಂತೈತೋ?”

ಹೆಂಡತಿ ಗಿರಿಯಮ್ಮ ರೊಟ್ಟಿ ತಟ್ಟುತ್ತಾ ಕೇಳುತ್ತಾಳೆ: “ಸಮುದ್ರದಾಗೆ ಬಾಂದುಕಲ್ಲು ಎಲ್ಲಿ ನೆಡ್ತಾರೆ ಮಾರಾಯ?”

ಅದಕ್ಕೆ ಓಬಯ್ಯನ ಬಳಿ ಅರ್ಧ ಉತ್ತರವಿದೆ. “ಜೋಗಿಮಟ್ಟಿ ಕಾಡಿಗೆ ಹೆಜ್ಜೆ ಹೊಕ್ರೆ ಅದು ಯಾರ ಹದ್ದೂ ಅಲ್ಲ. ಅವಾಗ ಸುತ್ತಲಿನ ಊರೆಲ್ಲ ಕೈ ಕೈ ಹಿಡ್ಕೊಂಡು ಸಾಲಾಗಿ ಹೋಗ್ತೀವಿ. ಯಾರದೂ ಅಲ್ಲ ಅಂದ್ರೆ ಎಲ್ರದೂ ಅಂತ. ನೀರಿಗೂ ಹಂಗೇ ಆಗ್ಬೇಕಪ್ಪ. ಹತ್ತು ಸರ್ಕಾರ ಒಟ್ಟಿಗೆ ಹೋಗ್ಲಿ.” ಹಿಂದೆಯೇ “ಆದ್ರೆ ನೀರು ಹೆಜ್ಜೆ ಇಟ್ಕಳಲ್ಲ. ಹುಡುಕೋದಾದ್ರೂ ಹೆಂಗೆ?” ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ.

ಹೋದ ವಾರ ಪ್ರಶ್ನೆ ಹೊಸ್ತಿಲಿಗೇ ಬಂತು. ಅದೇ ಹಡಗು ಶುಕ್ರವಾರ ಗೋವಾಕ್ಕೆ ಬರುತ್ತದೆ, ಮೂರು ಬೆರಳಾದರೂ ಸರಿ ಬಾ ಎಂದು ಕಂಪನಿ ಮಗನನ್ನು ಕರೆಯಿತು. ಮತ್ತೆ ಅದೇ ಬಂದರು, ಅದೇ ಸರದಿ. ಬುಧವಾರದ ರೈಲು ತಪ್ಪಿದರೆ ಕೆಲಸ ತಪ್ಪಿತು.

“ಅಪ್ಪಾ, ಹೋಗು ಅನ್ನು, ಇಲ್ಲ ಬ್ಯಾಡ ಅನ್ನು. ನಡುವೆ ನಿಲ್ಲಿಸ್ಬ್ಯಾಡ” ಎಂದ ಮಗ, ಪೆಟ್ಟಿಗೆ ಕಟ್ಟಿಟ್ಟುಕೊಂಡೇ.

“ಬ್ಯಾಡ” ಎಂದ ಓಬಯ್ಯ.

ಬುಧವಾರ ಕಳೆದು ಎರಡು ದಿನವಾಗಿದೆ. ಸಣ್ಣತಿಮ್ಮಪ್ಪ ಗೋಡೆಗೆ ಮುಖ ಮಾಡಿ ಕುಳಿತಿದ್ದಾನೆ. ಓಬಯ್ಯ ಜಗಲಿಯ ಮೇಲೆ ಕಾಲಿನ ಮುಳ್ಳು ತೆಗೆದುಕೊಳ್ಳುತ್ತಾ ತಗ್ಗಿದ ದನಿಯಲ್ಲಿ ಹೇಳುತ್ತಾನೆ:

“ನಾನು ಮಾಡಿದ್ದು ಸರಿಯೋ ತಪ್ಪೋ ತಿಳಿವಲ್ದು. ಕಳ್ರನ್ನ ಹಿಡೀಲೇಬೇಕು ಅಂತ ನಾನು ಕೇಳಲ್ಲ. ಯಾವ ದೇಶದೋನಾದ್ರೂ ಆಗ್ಲಿ, ಒಪ್ಪಿಸ್ಕೊಂಡೆ ಅನ್ನೋ ಒಬ್ಬನ ಹೆಸ್ರು ಬರ್ಲಿ. ಅವತ್ತೇ ನನ್ನ ಮಗನ ಪೆಟ್ಟಿಗೆ ಹೊತ್ಕೊಂಡು ನಾನೇ ಟೇಸನ್ನಿಗೆ ಬಿಟ್ಟು ಬರ್ತೀನಿ.”