ಬೇಳೆ ಬೇಯುವ ನೀರು

ಸಿಟ್ಟು ಬಂದಾಗ ಮಾತು ಕೊಟ್ಟುಬಿಡುವ ಚಟ ನನಗೆ. ಅಥಣಿ ಕಡೆಯ ಸಣ್ಣದೊಂದು ಹಾಲಿನ ಕಾರ್ಖಾನೆಯಲ್ಲಿ ಕೊಳೆನೀರಿನ ಉಸ್ತುವಾರಿಗೆ ಸೇರಿದ ವಾರವೇ ಪಕ್ಕದ ಹೊಲದ ಮುದುಕಿ, ಊರವರೆಲ್ಲ ಕರೆಯುವಂತೆ ಆಯಿ, ಗೇಟಿಗೆ ಬಂದು ನಿಂತಿದ್ದರು. ಕ್ಯಾನು, ಯಂತ್ರ ತೊಳೆದ ಹುಳಿ ನೀರು ಚರಂಡಿ ಹಿಡಿದು ಅವರ ಬಾವಿಗೆ ಇಳಿಯುತ್ತಿತ್ತು.

"ಆ ನೀರಾಗ ಬ್ಯಾಳಿ ಬೇಯಂಗಿಲ್ರಿ ಬಾಯಾರ. ಎರಡ ವರ್ಷ ಆತು, ಅಡಗಿ ನೀರ ತಮ್ಮನ ತ್ವಾಟದಿಂದ ಹೊತ್ತ ತರಾಕತ್ತೀನಿ."

ಮ್ಯಾನೇಜರು ನಕ್ಕರು. ಅದಕ್ಕೇ ನಾನು ಎಲ್ಲರೆದುರು ಹೇಳಿಬಿಟ್ಟೆ: "ಬರೋ ಬ್ಯಾಸಗಿಗೆ ನಿಮ್ಮ ಬಾವಿ ನೀರಾಗ ಬ್ಯಾಳಿ ಬೇಯತೈತಿ, ಆಯಿ. ಬೇಯಲಿಲ್ಲಂದ್ರ ನಾ ಈ ಗೇಟಿನ್ಯಾಗ ಕಾಲ ಇಡಂಗಿಲ್ಲ."

ಚರಂಡಿ ಮುಚ್ಚಿಸಿ, ನೀರನ್ನೆಲ್ಲ ಮೊಣಕಾಲಾಳದ, ಅಗಲವಾದ ತೊಟ್ಟಿಗಳಿಗೆ ತಿರುಗಿಸಿ, ಬಿಡಿಯಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಿಟ್ಟೆ. ಬಿಸಿಲು ಹೇಗೂ ನಮ್ಮಲ್ಲಿ ಧಾರಾಳ. ನೀರಿನ ಸಾರ ಹೀರಿ ಪಾಚಿ ದಟ್ಟವಾಯಿತು, ವಾಸನೆ ಹೋಯಿತು. ಆಯಿ ತೊಟ್ಟಿ ಇಣುಕಿ ಮೂಗು ಮುರಿದರು.

"ನಾ ಜನ್ಮಾ ಎಲ್ಲಾ ಹಾವಸಿ ತಿಕ್ಕಿ ತಗದೀನಿ, ನೀವ ನೋಡಿದ್ರ ಬೆಳಸಾಕತ್ತೀರಿ."

ಆದರೂ ಸೋಸಿ ಒಣಗಿಸಿದ ಪಾಚಿಯನ್ನು ಬುಟ್ಟಿಗಟ್ಟಲೆ ಒಯ್ದು ಕಬ್ಬಿಗೆ ಹಾಕುವುದನ್ನು ಬಿಡಲಿಲ್ಲ. ಒಳ್ಳೆಯ ಗೊಬ್ಬರವೆಂದು ಬಾಯಿಬಿಟ್ಟು ಹೇಳಲು ಮಾತ್ರ ಅವರಿಗೆ ಮನಸ್ಸಿರಲಿಲ್ಲ.

ಬಾವಿಯನ್ನು ಎರಡು ಸಲ ಬರಿದು ಮಾಡಿಸಿದೆ. ಉಳಿದದ್ದನ್ನು ಮಳೆಗಾಲ ತೊಳೆಯಿತು. ಬೇಸಿಗೆಗೆ ಲ್ಯಾಬಿನ ಕಾಗದ ಬಂತು: ಬಾವಿ ನೀರು ಕುಡಿಯಲು ಯೋಗ್ಯ. ಕೆಳಗೆ ನನ್ನದೂ ಸಹಿ. ಗೆದ್ದೆ ಎಂದುಕೊಂಡು ಅದನ್ನು ಹಿಡಿದು ಆಯಿಯ ಮನೆಗೆ ಹೋದೆ.

ಅವರು ಕಾಗದ ನೋಡಲೇ ಇಲ್ಲ. ಬಾವಿ ನೀರಿನಲ್ಲೇ ತೊಗರಿಬೇಳೆ ಒಲೆಯ ಮೇಲಿಟ್ಟಿದ್ದರು. ಸೌಟಿನ ಬೆನ್ನಿಂದ ಒತ್ತಿದರು, ಬೇಳೆ ಬೆಣ್ಣೆಯಂತೆ ಕರಗಿತು. ಗಂಗಾಳಕ್ಕೆ ರೊಟ್ಟಿ, ಬೇಳೆ ಬಡಿಸಿ ಪಕ್ಕದಲ್ಲಿ ಒಂದು ತಂಬಿಗೆ ನೀರಿಟ್ಟರು.

"ಮೊದಲ ನೀವ ಉಣ್ರಿ. ಆಮ್ಯಾಲ ಮೊಮ್ಮಕ್ಕಳಿಗೆ ಬಡಸ್ತೀನಿ."

ಖುಷಿಯಿಂದಲೇ ಉಂಡೆ. ಖಾರ ಹತ್ತಿತು. ನನ್ನ ಕೈ ರೂಢಿಯಂತೆ ಚೀಲದೊಳಗಿನ ಬಾಟಲಿಗೆ ಹೋಯಿತು. ಆಯಿಯ ಸೌಟು ಅಲ್ಲೇ ನಿಂತಿತು.

"ಅದು ಎಲ್ಲಿ ನೀರ್ರಿ?"

ಅಥಣಿಯ ನನ್ನ ಮನೆಯಿಂದ ತಂದದ್ದು. ಸಹಿ ಹಾಕಿದವಳು ನಾನೇ, ಆ ಬಾವಿಯ ಒಂದು ಗುಟುಕನ್ನೂ ಅಲ್ಲಿವರೆಗೆ ಕುಡಿದಿರಲಿಲ್ಲ. ಅಂಥ ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಬಾಟಲಿ ಬಿಟ್ಟು, ತಂಬಿಗೆ ಎತ್ತಿ ಪೂರ್ತಿ ಕುಡಿದೆ. ಆಗ ಆಯಿ ಒಳಗೆ ತಿರುಗಿ ಮೊಮ್ಮಕ್ಕಳನ್ನು ಊಟಕ್ಕೆ ಕರೆದರು.

ಈಗಲೂ ಕೆಲಸಕ್ಕೆ ಹೋಗುವಾಗ ಚೀಲದಲ್ಲಿ ಬಾಟಲಿ ಇರುತ್ತದೆ, ಖಾಲಿ ಬಾಟಲಿ. ಆಯಿಯ ಬಾವಿಯಲ್ಲಿ ತುಂಬಿಕೊಂಡೇ ಗೇಟು ದಾಟುತ್ತೇನೆ.