ಸನಿಯಾ ಅಚಿಲ್ ತಪ್ಪೊಪ್ಪಿಕೊಂಡ ಬೇಸಿಗೆ

ಬಾರಿತೊ ಹೊಳೆಯ ಕೆಳದಂಡೆಯಲ್ಲಿ ಸನಿಯಾ ಅಚಿಲ್ ಹೂಂ ಅನ್ನದೆ ಯಾರೂ ಗದ್ದೆಗೆ ನೀರು ಬಿಡುವುದಿಲ್ಲ. ಅಚಿಲ್ ಅಂದರೆ ಚಿಕ್ಕಮ್ಮ. ಊರಿಗೆಲ್ಲ ಆಕೆ ಚಿಕ್ಕಮ್ಮನೇ. ಮೇಲೆ ಬೆಟ್ಟದಲ್ಲಿ ಮಳೆ ಇರುವಷ್ಟು ದಿನ ಹೊಳೆ ಸಮುದ್ರವನ್ನು ಆಚೆಗೆ ತಳ್ಳಿಕೊಂಡೇ ಇರುತ್ತದೆ. ಮಳೆ ನಿಂತಿತೋ, ಹೊಳೆಯ ಸೊಕ್ಕು ಇಳಿಯಿತು ಅಂತ ಸಮುದ್ರಕ್ಕೆ ಗೊತ್ತಾಗಿಬಿಡುತ್ತದೆ. ಒಂದೊಂದು ಭರತಕ್ಕೂ ಒಂದಿಷ್ಟು ಮುಂದೆ ನುಗ್ಗುತ್ತದೆ. ಆಗ ಯಾವ ನೀರು ಸಿಹಿ, ಯಾವುದು ಉಪ್ಪು ಎಂದು ಬಾಯಿಗೆ ಹಾಕಿ ಹೇಳುವವಳು ಸನಿಯಾ. ಅಪ್ಪನಿಂದ ಕಲಿತ ವಿದ್ಯೆ, ನಲವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಆ ವರ್ಷ ಬೇಸಿಗೆ ಮುಗಿಯುವ ಲಕ್ಷಣವೇ ಇರಲಿಲ್ಲ. ಸಸಿಮಡಿಗಳು ಬಿರುಕು ಬಿಟ್ಟಿದ್ದವು. ಮತ್ತೆ ಬಿತ್ತಲು ಬೀಜ ಯಾರ ಮನೆಯಲ್ಲೂ ಇರಲಿಲ್ಲ. ಈ ಸಸಿ ಹೋದರೆ ಇಡೀ ವರ್ಷ ಅನ್ನವಿಲ್ಲ. ಹುಣ್ಣಿಮೆಯ ಮರುದಿನ ಬೆಳಿಗ್ಗೆ ಭರತ ಏರಿ, ಹೊಳೆಯ ನೀರು ಹಿಂದಕ್ಕೆ ಒತ್ತಿ ಬಂದು ಕಾಲುವೆ ತುಂಬಿತು. ಎಲ್ಲರೂ ತಮ್ಮ ತಮ್ಮ ತೂಬಿನ ಹಲಗೆ ಹಿಡಿದು ನಿಂತರು.

"ಅಚಿಲ್, ಇನ್ನೂ ಎಷ್ಟೊತ್ತು ಚಪ್ಪರಿಸ್ತೀರಿ? ಸಸಿ ಸಾಯ್ತಾ ಇದೆ!" ಪಕ್ಕದ ಗದ್ದೆಯ ಜಾಹ್ರಿ ಕೂಗಿದ.

"ನಿನ್ ಬಾಯಿ ಮುಚ್ಚೋ, ನನ್ ಬಾಯಿಗೆ ಕೆಲಸ ಇದೆ."

ಸನಿಯಾ ನೀರನ್ನು ಬಾಯಲ್ಲಿ ತಿರುಗಿಸಿ ಉಗಿದಳು. "ಸಿಹಿ. ಎತ್ತು ಹಲಗೆ."

ಜಾಹ್ರಿ ಹಲಗೆ ಎತ್ತಿಯೇ ಬಿಟ್ಟ. ಅದೇ ಹೊತ್ತಿಗೆ ಸನಿಯಾಳ ಸೊಸೆ ರುಸ್ಮಿನಾ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ದೋಣಿಯಿಂದ ಇಳಿದಳು. ಮೇಲ್ದಂಡೆಯ ತವರಿನಲ್ಲಿ ಬಾಣಂತನ ಮುಗಿಸಿ ಎರಡು ತಿಂಗಳ ಮೇಲೆ ಬಂದವಳು. ಅದೇ ನೀರಲ್ಲಿ ಮುಖ ತೊಳೆದು ಬಾಯಿ ಮುಕ್ಕಳಿಸಿದಳು.

"ಥೂ! ಇದೇನಮ್ಮಾ, ಹೊಳೆಗೆ ಉಪ್ಪು ಸುರಿದಿದೀರಾ?"

"ಬಂದ್ಲಪ್ಪ ಬೆಟ್ಟದ ರಾಣಿ! ತವರಿನ ನೀರು ಕುಡಿದು ನಾಲಿಗೆ ಭಾರಿ ನಾಜೂಕಾಗಿದೆ," ಅಂದ ಜಾಹ್ರಿ. ಎಲ್ಲರೂ ನಕ್ಕರು. ಸನಿಯಾಳೂ ನಕ್ಕಳು, ಆದರೆ ಆ ನಗು ಅರ್ಧಕ್ಕೇ ನಿಂತಿತು. ಈ ಎರಡು ತಿಂಗಳು ತಾನು ಕುಡಿದದ್ದು ಯಾವ ನೀರು? ಇದೇ ನೀರು. ದಿನಕ್ಕೊಂದು ಚಿಟಿಕೆ ಏರಿದ ಉಪ್ಪಿಗೆ ನಾಲಿಗೆ ದಿನವೂ ಒಗ್ಗಿಕೊಂಡು ಹೋಗಿತ್ತು. ಅಯ್ಯೋ ದೇವರೇ! ಆಕೆಗೆ ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು.

"ಹಾಕೋ ಹಲಗೆ! ಜಾಹ್ರಿ, ಹಾಕು ಅಂದೆ!"

"ಈಗ ತಾನೇ ಎತ್ತು ಅಂದ್ರಲ್ಲ?"

"ತಪ್ಪಿದೆ ಕಣೋ. ನನ್ ನಾಲಿಗೆ, ನಿಂದು, ಊರವರದ್ದು ಎಲ್ಲಾ ಕೆಟ್ಟು ಕೂತಿದೆ. ನೆಟ್ಟಗಿರೋದು ಇವಳದ್ದೊಂದೇ."

ಜಾಹ್ರಿ ಗೊಣಗುತ್ತಲೇ ಮುಚ್ಚಿದ. ಅಷ್ಟರಲ್ಲಿ ಒಳಗೆ ನುಗ್ಗಿದ್ದ ನೀರಿಗೆ ಅವನ ಮಡಿಯ ಒಂದು ಅಂಚು ಮೂರೇ ದಿನದಲ್ಲಿ ಸುಟ್ಟಂತಾಯಿತು. ಆಮೇಲೆ ಯಾರೂ ತೂಬು ಮುಟ್ಟಲಿಲ್ಲ. ಮೇಲ್ದಂಡೆಯಿಂದ ದೋಣಿಗಳಲ್ಲಿ ಕೊಡಗಟ್ಟಲೆ ನೀರು ತಂದು ಸಸಿಗೆ ಚಿಮುಕಿಸಿದರು. ಸೊಸೆ ಊರಿನ ನೀರು ಮುಟ್ಟದಂತೆ ಸನಿಯಾ ಕಾದಳು. ಎಳನೀರು, ಮೇಲ್ದಂಡೆಯ ನೀರು, ಉಪ್ಪಿಲ್ಲದ ಮೀನು. ಅತ್ತೆಯೊಬ್ಬಳು ಸೊಸೆಯನ್ನು ಇಷ್ಟು ಜೋಪಾನ ಮಾಡಿದ್ದನ್ನು ಊರು ಕಂಡಿರಲಿಲ್ಲ.

ಒಂಬತ್ತನೆಯ ದಿನ ಅಂತರಗಂಗೆಯ ದೊಡ್ಡ ದೊಡ್ಡ ಗೊಂಚಲುಗಳು ತೇಲಿ ಬಂದವು, ನೀರು ಕೆಂಪಗೆ ತಿರುಗಿತ್ತು. ಬೆಟ್ಟದಲ್ಲಿ ಮಳೆ ಬಿದ್ದಿತ್ತು. ಊರೆಲ್ಲ ಕಾಲುವೆಗೆ ಓಡಿತು. ಸನಿಯಾ ತೆಂಗಿನ ಕರಟದಲ್ಲಿ ನೀರು ಮೊಗೆದು ಸೊಸೆಯ ಕೈಗಿಟ್ಟಳು. ರುಸ್ಮಿನಾ ಅದನ್ನು ಬಾಯಿಗೆ ತರದೆ ಹಾಗೇ ಹಿಡಿದುಕೊಂಡಳು.

"ನಂಗೆ ಭಯ ಆಗತ್ತಮ್ಮ. ತಪ್ಪಿದ್ರೆ?"

"ತಪ್ಪಿದ್ರೆ ಎಲ್ಲರ ಮುಂದೆ ತಪ್ಪಿದೆ ಅನ್ನು. ಅದನ್ನ ಕಲಿಯೋಕೆ ನಂಗೆ ನಲವತ್ತು ವರ್ಷ ಹಿಡೀತು. ನಿಂಗೆ ಇವತ್ತೇ ಹೇಳ್ಕೊಡ್ತಿದೀನಿ."

ರುಸ್ಮಿನಾ ನೀರನ್ನು ಬಾಯಲ್ಲಿ ತಿರುಗಿಸಿ ಕುಡಿದಳು. "ಸಿಹಿ," ಅಂದಳು.

ಯಾರೂ ಕದಲಲಿಲ್ಲ; ಎಲ್ಲರೂ ಸನಿಯಾಳ ಮುಖ ನೋಡಿದರು. ಆಕೆ ಕಾಲುವೆಗೆ ಬೆರಳನ್ನೂ ಅದ್ದಲಿಲ್ಲ. ನೇರ ನಡೆದುಹೋಗಿ ಮೊದಲು ತನ್ನ ಗದ್ದೆಯ ಹಲಗೆಯನ್ನೇ ಎತ್ತಿದಳು.