ಅಪ್ಪನ ಚಪಾತಿ ಪಥ್ಯ

ನಮ್ಮ ಕಡೆ ಚಪಾತಿ ಅಡುಗೆಯಲ್ಲ, ಔಷಧಿ. ಯಾರ ಮನೆಯಲ್ಲಾದರೂ ದಿನಾ ರಾತ್ರಿ ಲಟ್ಟಣಿಗೆಯ ಸದ್ದು ಕೇಳಿದರೆ ಅಕ್ಕಪಕ್ಕದವರು "ಯಾರಿಗೆ ಶುಗರ್?" ಎಂದು ವಿಚಾರಿಸುತ್ತಾರೆ. ನಮ್ಮ ಮನೆಯಲ್ಲಿ ಅಪ್ಪನಿಗೆ. ಊರಿನ ಡಾಕ್ಟರು "ರಾತ್ರಿ ಅನ್ನ ಬಿಟ್ಟು ಚಪಾತಿ ತಿನ್ನಿ" ಎಂದ ದಿನವೇ ಅವರು ರಾತ್ರಿಯ ಅನ್ನ ಬಿಟ್ಟರು. ಎಷ್ಟು ಚಪಾತಿ ಎಂದು ಡಾಕ್ಟರು ಹೇಳಲಿಲ್ಲ, ಅಪ್ಪ ಕೇಳಲಿಲ್ಲ. ಔಷಧಿ ಕಡಿಮೆಯಾಗಬಾರದೆಂದು ಐದು ತಿನ್ನುತ್ತಿದ್ದರು.

ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ದೆಹಲಿ ಪಕ್ಕದ ಗುಡಗಾಂವ್‌ಗೆ ಕರೆತಂದೆ. ನಾನು ಅಲ್ಲಿ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದೆ. ಎಂಟನೇ ಮಹಡಿಯ ಬಾಡಿಗೆ ಫ್ಲ್ಯಾಟಿನಲ್ಲಿ ಒಬ್ಬಳೇ ಇದ್ದೆ. ಹಿಂದಿ ಬಾರದ ತಾವು ಅಲ್ಲಿ ಮಾಡುವುದೇನೆಂದು ಅಪ್ಪ ಹಿಂದೆಮುಂದೆ ನೋಡಿದರು. "ಅಲ್ಲಿ ಎಲ್ಲರೂ ದಿನಾ ಚಪಾತಿನೇ ತಿನ್ನೋದು" ಎಂದೆ. ಇಡೀ ಊರೇ ಪಥ್ಯದಲ್ಲಿದೆ ಎಂಬ ಸುದ್ದಿ ಅವರಿಗೆ ಹಿಡಿಸಿತು.

ಆ ವರ್ಷ ಆಫೀಸಿನವರು ಎಲ್ಲರ ರಕ್ತ ಪರೀಕ್ಷೆ ಮಾಡಿಸಿದರು. ನನಗೆ ಮೂವತ್ತೆರಡು ವರ್ಷ, ಶುಗರ್ ಗಡಿಯಲ್ಲಿತ್ತು. ಮನೆ ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ಅರವತ್ತು ದಾಟಿದ ಪಂಜಾಬಿ ಹೆಂಗಸು. ಮೂರು ತಿಂಗಳು ಊಟ, ಓಡಾಟ ಸರಿಮಾಡಿಕೊಂಡು ಬಾ, ಇಳಿಯದಿದ್ದರೆ ಮಾತ್ರೆ ಶುರುಮಾಡೋಣ ಎಂದರು. ನನಗೆ ನಿಜಕ್ಕೂ ಭಯವಾಯಿತು. ಅಪ್ಪನ ಪಾದಗಳು ಆಗಲೇ ಮರಗಟ್ಟಿದ್ದವು. ಚಪ್ಪಲಿ ಕಳಚಿದ್ದು ತಿಳಿಯದೆ ನಾಲ್ಕು ಹೆಜ್ಜೆ ಬರಿಗಾಲಲ್ಲಿ ನಡೆದುಬಿಡುತ್ತಿದ್ದರು. ನನಗೂ ಒಂದು ದಿನ ಹೀಗೇ ಆಗುತ್ತದೆ ಎಂದುಕೊಂಡೆ.

ಅಪ್ಪ ಮಾತ್ರ ಗಾಬರಿಯಾಗಲಿಲ್ಲ. "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಇವತ್ತಿಂದ ನೀನೂ ಚಪಾತಿ ತಿನ್ನು" ಎಂದರು. ಅವರಿಗೆ ರೋಗವೂ ಇತ್ತು, ಭಾಷೆ ಬಾರದಿದ್ದರೂ ಕೆಳಗಿನ ವಾಚ್‌ಮನ್ ಜೊತೆ ಜಗಳವೂ ಇತ್ತು.

ಮೂರು ತಿಂಗಳು ನಾನು ಅನ್ನದ ಮುಖ ನೋಡಲಿಲ್ಲ. ಬೆಳಿಗ್ಗೆ ಗೇಟಿನ ಬಳಿಯ ಭಯ್ಯಾ ಮಾಡುವ ಆಲೂ ಪರಾಠ, ಅದೂ ಗೋಧಿಯದೇ ಎಂಬ ಧೈರ್ಯದಲ್ಲಿ ಎರಡು. ಮಧ್ಯಾಹ್ನ ಕ್ಯಾಂಟೀನಿನ ರೋಟಿ. ರಾತ್ರಿ ನಾಲ್ಕು ಚಪಾತಿ, ಒಣಗಬಾರದೆಂದು ಮೇಲೆ ತುಪ್ಪ. ಇನ್ನು ಓಡಾಟ. ಆಫೀಸಿನ ಕ್ಯಾಬು ಮನೆ ಗೇಟಿನಲ್ಲಿ ಹತ್ತಿಸಿಕೊಂಡು ಆಫೀಸಿನ ಗೇಟಿನಲ್ಲಿ ಇಳಿಸುತ್ತಿತ್ತು, ಓಡಾಟವನ್ನೆಲ್ಲ ಅದೇ ನೋಡಿಕೊಳ್ಳುತ್ತಿತ್ತು.

ಮತ್ತೆ ಕ್ಲಿನಿಕ್ಕಿಗೆ ಹೋದಾಗ ಅಪ್ಪನೂ ತಮ್ಮ ಫೈಲ್ ಹಿಡಿದು ಬಂದರು. ನನ್ನ ಶುಗರ್ ಏರಿತ್ತು.

"ಏನು ತಿಂತೀಯ?" ಡಾಕ್ಟರು ಹಿಂದಿಯಲ್ಲಿ ಕೇಳಿದರು.

"ಬರೀ ರೋಟಿ. ಅನ್ನ ಪೂರ್ತಿ ಬಿಟ್ಟಿದೀನಿ" ಎಂದೆ, ಹೊಗಳುತ್ತಾರೆಂದು.

"ಅಚ್ಛಾ. ಬೇಟಾ, ಹೊರಗಡೆ ಬೆಂಚು ನೋಡಿದೆಯಾ? ಅಲ್ಲಿ ಕೂತಿರೋರೆಲ್ಲ ಹುಟ್ಟಿದಾಗಿಂದ ರೋಟಿ ತಿಂದೋರೇ. ನಾನೂ ಅಷ್ಟೇ. ನನಗೆ ಶುಗರ್ ಬಂದು ಹನ್ನೆರಡು ವರ್ಷ ಆಯ್ತು."

ಹೊತ್ತಿಗೆ ಎರಡು ರೋಟಿ ಸಾಕು, ಇಲ್ಲವೇ ಸಣ್ಣ ಬಟ್ಟಲು ಅನ್ನ. ಅರ್ಧ ತಟ್ಟೆ ತರಕಾರಿ. ದಿನಾ ಅರ್ಧ ಗಂಟೆ ಬಿರುಸಾಗಿ ನಡಿಗೆ. ಇಷ್ಟು ಹೇಳಿ ಇನ್ನೊಂದು ಮೂರು ತಿಂಗಳ ಗಡುವು ಕೊಟ್ಟರು. ನಾನು ಎಲ್ಲವನ್ನೂ ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ.

"ಅಂದ್ರೆ, ಅನ್ನ ತಿನ್ನಬಹುದಿತ್ತಾ?"

"ಸ್ವಲ್ಪ ತಿನ್ನಬಹುದಿತ್ತು, ಅಪ್ಪ."

ಮನೆ ಹತ್ತಿರ ಬಂದಾಗ ಅಪ್ಪ, "ರಾತ್ರಿ ಹೊತ್ತು ನಿನ್ನಮ್ಮನೂ ಅನ್ನ ಬಿಟ್ಟಿದ್ದಳು. ಅವಳಿಗೆ ಶುಗರ್ ಇರಲಿಲ್ಲ. ನನ್ನೆದುರು ತಿನ್ನೋಕೆ ಅವಳಿಗೆ ಮನಸ್ಸು ಬರ್ತಿರಲಿಲ್ಲ. ಹೋಗೋ ತನಕ ತಿನ್ನಲಿಲ್ಲ" ಎಂದರು. ನಾನು ಓದಲು ಮನೆ ಬಿಟ್ಟ ಮೇಲಿನ ಮಾತು ಇದು. ನನಗೆ ಗೊತ್ತೇ ಇರಲಿಲ್ಲ.

ಆ ಸಂಜೆ ಇಬ್ಬರೂ ಕಟ್ಟಡದ ಹಿಂದಿನ ಪಾರ್ಕಿಗೆ ಇಳಿದೆವು. ಅಪ್ಪ ನೆಲ ನೋಡಿಕೊಂಡು ಒಂದೊಂದೇ ಹೆಜ್ಜೆ ಇಡುತ್ತಿದ್ದರು. ನಾನೂ ನಿಧಾನ ಮಾಡಿದೆ. ಅರ್ಧ ಸುತ್ತಿಗೆ ಅವರು ನಿಂತರು.

"ನೀನು ಮುಂದೆ ನಡಿ."

"ಇರಲಿ ಅಪ್ಪ, ಜೊತೆಗೇ ಹೋಗೋಣ."

"ಜೊತೆಗೆ ಅಂತ ನಿನ್ನಮ್ಮ ಮಾಡಿದ್ದು ಸಾಕು. ನನ್ನ ನಡಿಗೇಲಿ ನಡೆದ್ರೆ ನಿನ್ನ ಶುಗರ್ ಇಳಿಯಲ್ಲ. ಹೋಗು."

ಮುಂದೆ ಹೋದೆ. ಸುತ್ತು ಹಾಕಿ ಬಂದು ಅವರನ್ನು ಹಿಂದಿನಿಂದ ದಾಟುವಾಗಲೆಲ್ಲ, ನಿಲ್ಲಬೇಡವೆಂದು ಕೈಯಾಡಿಸುತ್ತಿದ್ದರು. ನನಗೆ ಅಳು ಬಂತು. ಅಳುತ್ತಲೇ ಬಿರುಸಾಗಿ ನಡೆದೆ.

ಮೂರು ತಿಂಗಳು ದಿನಾ ಸಂಜೆ ಹೀಗೇ ನಡೆಯಿತು. ಶುಗರ್ ಇಳಿಯಿತು. ಮಾತ್ರೆ ಬೇಡ, ನಡಿಗೆ ಮಾತ್ರ ಬಿಡಬೇಡ ಎಂದು ಡಾಕ್ಟರು ಹೇಳಿದರು. ಮನೆಗೆ ಬಂದು ರಿಪೋರ್ಟನ್ನು ಅಪ್ಪನ ಕೈಗಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಹಾಗಾದ್ರೆ ನಾಳೆ, ನಿನ್ನ ನಡಿಗೆ ಎಲ್ಲ ಮುಗಿದ ಮೇಲೆ, ಒಂದು ಸುತ್ತು ನನ್ನ ಜೊತೆ ಬಾ" ಎಂದರು. "ಒಂದೇ ಸುತ್ತು."